‘ವಿಮಾನ’ ಪದದ ವ್ಯಾಪ್ತಿ ಎಷ್ಟು? ಬಲೂನು, ಗ್ಲೈಡರುಗಳನ್ನೂ ಒಳಗೊಳ್ಳುವ ಕನ್ನಡ ಪದ ಯಾವುದು?

ಪ್ರೌಢಶಾಲೆಯ ಮಕ್ಕಳಿಗಾಗಿ ವಿಮಾನಗಳ ಚಿಕ್ಕದೊಂದು ಸಚಿತ್ರ ಕೋಶವನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸದಲ್ಲಿ ಕೆಲವು ತಿಂಗಳುಗಳಿಂದ ತೊಡಗಿದ್ದೇನೆ. ರೆಕ್ಕೆಯ ಹರವು, ಒಡಲಿನ ಉದ್ದ, ಖಾಲಿ ತೂಕ, ಏರಬಲ್ಲ ಎತ್ತರ ಎಂದು ಕೋಷ್ಟಕದ ತಲೆಬರಹಗಳನ್ನು ಕನ್ನಡಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ತೊಡಕಾದದ್ದು ಮೊದಲ ಪುಟದ ಮೊದಲ ವಾಕ್ಯ. ಇಂಗ್ಲಿಷಿನ ಜನಪ್ರಿಯ ಕೈಪಿಡಿಗಳು ‘ಏರ್‌ಕ್ರಾಫ್ಟ್’ ಎಂಬ ಒಂದೇ ಪದದ ಅಡಿಯಲ್ಲಿ ಬಲೂನು, ಏರ್‌ಶಿಪ್, ಗ್ಲೈಡರ್, ಹೆಲಿಕಾಪ್ಟರ್, ಏರೋಪ್ಲೇನ್ ಎಲ್ಲವನ್ನೂ ತಂದು, ಅನಂತರ ಗಾಳಿಗಿಂತ ಹಗುರವಾದವು, ಗಾಳಿಗಿಂತ ಭಾರವಾದವು ಎಂದು ಎರಡು ಕವಲು ಮಾಡಿಕೊಳ್ಳುತ್ತವೆ. ನಾನೂ ಅದೇ ಜಾಡಿನಲ್ಲಿ ‘ಬಲೂನು ಗಾಳಿಗಿಂತ ಹಗುರವಾದ ವಿಮಾನ’ ಎಂದು ಬರೆದೆ. ಕರಡನ್ನು ಓದಲು ಕೊಟ್ಟಿದ್ದ ಪಕ್ಕದ ಮನೆಯ ಒಂಬತ್ತನೆಯ ತರಗತಿಯ ಹುಡುಗಿ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಅಂಚಿನಲ್ಲಿ ‘ರೆಕ್ಕೆ ಎಲ್ಲಿ?’ ಎಂದು ಬರೆದು ಹಿಂದಿರುಗಿಸಿದಳು.

ಅವಳ ಆಕ್ಷೇಪ ಸರಿಯಾದುದೆಂದೇ ನನ್ನ ಅಭಿಪ್ರಾಯ. ಇಂದಿನ ಬಳಕೆಯಲ್ಲಿ ವಿಮಾನವೆಂದರೆ ಚಾಚಿದ ರೆಕ್ಕೆಯೂ ಎಂಜಿನ್ನೂ ಇರುವ ಏರೋಪ್ಲೇನ್ ಮಾತ್ರ. ಹೆಲಿಕಾಪ್ಟರಿನಲ್ಲಿ ಬಂದಿಳಿದ ಮಂತ್ರಿಗಳನ್ನು ಕುರಿತು ‘ವಿಮಾನದಲ್ಲಿ ಬಂದರು’ ಎಂದು ಯಾರಾದರೂ ಹೇಳಿದರೆ ಕೇಳಿದವರು ತಿದ್ದುತ್ತಾರೆ. ಆದರೆ ಕಾನೂನಿನ ನೋಟವೇ ಬೇರೆ. 1934ರ ಭಾರತದ ಏರ್‌ಕ್ರಾಫ್ಟ್ ಕಾಯಿದೆಯು ಗಾಳಿಯ ಪ್ರತಿಕ್ರಿಯೆಯಿಂದ ವಾತಾವರಣದಲ್ಲಿ ಆಧಾರ ಪಡೆಯಬಲ್ಲ ಯಂತ್ರ ಎಂದು ಲಕ್ಷಣ ಹೇಳಿ, ಕಟ್ಟಿಹಾಕಿದ ಬಲೂನು, ಬಿಟ್ಟ ಬಲೂನು, ಏರ್‌ಶಿಪ್, ಗ್ಲೈಡರುಗಳ ಜೊತೆಗೆ ಗಾಳಿಪಟವನ್ನೂ ಅದರಲ್ಲಿ ಸೇರಿಸಿತ್ತು. ಆಷಾಢದಲ್ಲಿ ಮಾಳಿಗೆಯ ಮೇಲೆ ನಿಂತು ದಾರ ಬಿಡುವ ಹುಡುಗನಿಗೆ ‘ನಿನ್ನ ಕೈಯಲ್ಲಿರುವುದು ವಿಮಾನ’ ಎಂದರೆ ಅವನು ಹಿಗ್ಗಿಯಾನು, ಆದರೆ ನಂಬಲಾರ.

ಪದದ ಹಿಂದಿನ ಕಥೆಯನ್ನು ನೋಡಿದರೆ, ರೆಕ್ಕೆಯ ನಿರೀಕ್ಷೆ ಇತ್ತೀಚಿನದು. ‘ಮಾ’ ಎಂಬ ಅಳತೆಯ ಧಾತುವಿಗೆ ‘ವಿ’ ಸೇರಿ ಆದ ಈ ಪದ ನಮ್ಮಲ್ಲಿ ಬಹುಕಾಲ ವಾಸಸ್ಥಾನವನ್ನೂ ಕಟ್ಟಡವನ್ನೂ ಹೇಳುತ್ತಿತ್ತು. ಪಂಪನ ಆದಿಪುರಾಣದಲ್ಲಿ ಲಲಿತಾಂಗದೇವನು ಹುಟ್ಟುವುದು ಈಶಾನಕಲ್ಪದ ಶ್ರೀಪ್ರಭವಿಮಾನದಲ್ಲಿ. ಅದು ಅವನನ್ನು ಎಲ್ಲಿಗೋ ಕೊಂಡೊಯ್ಯುವ ಬಂಡಿಯಲ್ಲ, ಅವನು ಭೋಗಿಸಿ ಬಾಳುವ ನೆಲೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಗರ್ಭಗುಡಿಯ ಮೇಲಿನ ದ್ರಾವಿಡ ವಿಮಾನವು ಎಂಟನೆಯ ಶತಮಾನದಿಂದ ಇದ್ದಲ್ಲಿಯೇ ಇದೆ. ರಾಮಾಯಣದ ಪುಷ್ಪಕವೇನೋ ಹಾರಿತು, ಆದರೆ ಅದನ್ನೂ ಮಹಾಭವನದಂತೆಯೇ ವರ್ಣಿಸಲಾಗಿದೆ. ಕಿಟೆಲ್ ನಿಘಂಟು ಹೊರಬಂದದ್ದು 1894ರಲ್ಲಿ, ಅಂದರೆ ರೈಟ್ ಸೋದರರ ಯಂತ್ರ ಹನ್ನೆರಡು ಸೆಕೆಂಡು ಗಾಳಿಯಲ್ಲಿ ನಿಂತ 1903ರ ಡಿಸೆಂಬರ್ 17ಕ್ಕಿಂತ ಒಂಬತ್ತು ವರ್ಷ ಮೊದಲು. ಆದ್ದರಿಂದ ಇಂದು ನಮಗೆ ಮೊದಲು ಹೊಳೆಯುವ ಅರ್ಥ ಅದರಲ್ಲಿರುವ ಸಂಭವವೇ ಇಲ್ಲ. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ ಎರಡು ಆಸನದ ಪುಟ್ಟ ವಿಮಾನಕ್ಕೆ ‘ಪುಷ್ಪಕ್’ ಎಂದು ಹೆಸರಿಟ್ಟಾಗ ಪುರಾಣದ ಪದವೂ ಯಂತ್ರದ ಪದವೂ ಮತ್ತೆ ಒಂದಾದವು ಎನ್ನಬಹುದು. ಇಷ್ಟಾದರೂ, ಪದದ ಹುಟ್ಟನ್ನು ತೋರಿಸಿ ಬಳಕೆಯನ್ನು ಹಿಂದಕ್ಕೆ ತಳ್ಳಲಾಗುವುದಿಲ್ಲ.

ಇಂಗ್ಲಿಷಿಗೂ ಈ ಪೇಚು ಒಮ್ಮೆ ಬಂದಿತ್ತು. ಯುದ್ಧನೌಕೆಗಳ ವಾರ್ಷಿಕ ಕೈಪಿಡಿಯಿಂದ ಹೆಸರಾಗಿದ್ದ ಫ್ರೆಡ್ ಟಿ. ಜೇನ್ 1909ರಲ್ಲಿ ಹಾರುವ ಯಂತ್ರಗಳಿಗೂ ಅಂಥದೇ ಒಂದು ಕೈಪಿಡಿಯನ್ನು ಹೊರತಂದಾಗ ಅದರ ಹೆಸರಿನಲ್ಲಿದ್ದದ್ದು ‘ಏರ್‌ಶಿಪ್ಸ್’ ಎಂಬ ಪದ, ಒಳಗಿದ್ದದ್ದು ಏರೋಪ್ಲೇನುಗಳೂ ಅನಿಲ ತುಂಬಿದ ಏರ್‌ಶಿಪ್‌ಗಳೂ ಎರಡೂ. ಹಡಗುಗಳ ಲೋಕದಿಂದ ಬಂದವನಿಗೆ ಆಕಾಶದಲ್ಲಿ ಕಂಡದ್ದೆಲ್ಲ ಹಡಗಾಗಿ ತೋರಿದ್ದು ಸಹಜವೇ. ‘ಏರ್‌ಶಿಪ್’ ಪದ ಅನಿಲದ ಉದ್ದನೆಯ ಚೀಲಕ್ಕೇ ಮೀಸಲಾಗತೊಡಗಿದ ಮೇಲೆ ಆ ಕೈಪಿಡಿಯ ಹೆಸರು ‘ಏರ್‌ಕ್ರಾಫ್ಟ್’ ಎಂದು ಬದಲಾಯಿತು. ಒಂದು ಪದ ಕಿರಿದಾದಾಗ ಅವರು ಇನ್ನೊಂದನ್ನು ಹಿರಿದು ಮಾಡಿಕೊಂಡರು. ನಮ್ಮಲ್ಲಿ ‘ವಿಮಾನ’ ಕಿರಿದಾಗಿದೆ, ಹಿರಿಯ ಪದದ ಜಾಗ ಖಾಲಿ ಇದೆ.

ಆ ಜಾಗಕ್ಕೆ ನಾನು ತೂಗಿ ನೋಡಿದ ಪದಗಳು ಇವು. ‘ವಾಯುಯಾನ’ ಎಂಬುದು ಹಿಂದಿಯಲ್ಲಿ ಏರ್‌ಕ್ರಾಫ್ಟ್ ಎಂಬ ಅರ್ಥದಲ್ಲಿಯೇ ನಿಂತಿದೆ. ಹಳೆಯ ಕಾಯಿದೆಯ ಬದಲಿಗೆ ಬಂದು 2025ರ ಜನವರಿ 1ರಿಂದ ಜಾರಿಯಲ್ಲಿರುವ ‘ಭಾರತೀಯ ವಾಯುಯಾನ ಅಧಿನಿಯಮ’ದ ಹೆಸರಿನಲ್ಲಿಯೂ ಅದೇ ಇದೆ. ಸಂಸ್ಕೃತದಲ್ಲಿ ‘ಯಾನ’ ಎಂದರೆ ಹೋಗುವಿಕೆಯೂ ಹೌದು, ಹೋಗುವ ವಾಹನವೂ ಹೌದು. ಕನ್ನಡದ ಓದುಗರು ಮಾತ್ರ ಪಾದಯಾನ, ಸಮುದ್ರಯಾನಗಳ ಸಾಲಿನಲ್ಲಿ ಅದನ್ನು ಪ್ರಯಾಣವೆಂದೇ ಓದುತ್ತಾರೆ, ‘ಎರಡು ವಾಯುಯಾನಗಳು ಡಿಕ್ಕಿ ಹೊಡೆದವು’ ಎಂದರೆ ತಬ್ಬಿಬ್ಬಾಗುತ್ತಾರೆ. ‘ವಾಯುವಾಹನ’ ಎಂದರೆ ನಮ್ಮ ಶಿಲ್ಪ ಬಲ್ಲವರು ವಾಯುದೇವನ ಜಿಂಕೆಯನ್ನು ನೆನೆದಾರು. ‘ಹಾರುಯಂತ್ರ’ ಹಗುರವಾಗಿದೆ, ಅಚ್ಚಗನ್ನಡಕ್ಕೆ ಹತ್ತಿರವಾಗಿದೆ. ಆದರೆ ಎಂಜಿನ್ನಿಲ್ಲದ ಗ್ಲೈಡರನ್ನೂ ಬಿಸಿಗಾಳಿಯ ಬಲೂನನ್ನೂ ಯಂತ್ರವೆನ್ನಲು ಕೈ ತಡೆಯುತ್ತದೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ‘ವಾಯುನೌಕೆ’. ‘ಬಾಹ್ಯಾಕಾಶ ನೌಕೆ’ ಎಂಬುದನ್ನು ನಾವು ಯಾವ ಅಳುಕೂ ಇಲ್ಲದೆ ದಿನವೂ ಬಳಸುವುದರಿಂದ, ಅದರ ಜೊತೆಯಲ್ಲಿ ಇದನ್ನಿಟ್ಟರೆ ಮಕ್ಕಳಿಗೆ ಸಂಬಂಧವೂ ತಾನಾಗಿ ತಿಳಿಯುತ್ತದೆ. ತೊಂದರೆ ಒಂದೇ: 1937ರಲ್ಲಿ ಲೇಕ್‌ಹರ್ಸ್ಟಿನಲ್ಲಿ ಉರಿದುಬಿದ್ದ ಹಿಂಡೆನ್‌ಬರ್ಗಿನಂಥ ಏರ್‌ಶಿಪ್‌ಗೆ ಅನುವಾದಕರ ಕೈಗೆ ಮೊದಲು ಸಿಗುವ ಪದವೂ ಇದೇ. ಜೇನ್ ಎದುರಿಸಿದ ಗೊಂದಲ ಹೀಗೆ ನೂರು ವರ್ಷಗಳ ಮೇಲೆ ಕನ್ನಡಕ್ಕೆ ದಾಟಿಬಂದಂತಾಗುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದು ನನ್ನ ವಾದಕ್ಕೆ ಅಡ್ಡ ಬರುತ್ತದೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಆರಂಭಿಸಿದ ಕಾರ್ಖಾನೆಯನ್ನು ಬೆಂಗಳೂರಿನವರು ‘ವಿಮಾನ ಕಾರ್ಖಾನೆ’ ಎಂದೇ ಕರೆದರು, ಅದರ ನೆರೆಯ ಬಡಾವಣೆ ವಿಮಾನಪುರವಾಯಿತು. ಅಲ್ಲಿ 1960ರ ದಶಕದಿಂದ ಹೆಲಿಕಾಪ್ಟರುಗಳೂ ತಯಾರಾಗುತ್ತಿವೆ, ಹೆಸರು ತಪ್ಪೆಂದು ಯಾರಿಗೂ ಅನ್ನಿಸಿಲ್ಲ. ವಿಮಾನ ನಿಲ್ದಾಣದಲ್ಲಿ ಹೆಲಿಕಾಪ್ಟರ್ ಇಳಿದರೂ ಯಾರೂ ಹುಬ್ಬೇರಿಸುವುದಿಲ್ಲ. ಅಂದರೆ ಸಮಾಸದ ಪೂರ್ವಪದವಾಗಿ ನಿಂತಾಗ ‘ವಿಮಾನ’ ಹಿಗ್ಗುತ್ತದೆ, ತಾನೊಂದೇ ವಾಕ್ಯದಲ್ಲಿ ನಿಂತಾಗ ಕುಗ್ಗುತ್ತದೆ. ಹೂವಿನ ಅಂಗಡಿಯಲ್ಲಿ ತುಳಸಿಯೂ ಬಿಲ್ವಪತ್ರೆಯೂ ಸಿಗುತ್ತವೆ, ಹಾಗೆಂದು ತುಳಸಿಯನ್ನು ಯಾರೂ ಹೂವೆನ್ನುವುದಿಲ್ಲವಲ್ಲ, ಇದೂ ಹಾಗೆಯೇ. ಈ ಲೆಕ್ಕದಲ್ಲಿ ಪುಸ್ತಕದ ಹೆಸರು ‘ವಿಮಾನಕೋಶ’ ಎಂದೇ ಇದ್ದು, ಒಳಗೆ ಬಲೂನಿನ ಅಧ್ಯಾಯವಿದ್ದರೆ ದೋಷವೇನೂ ಇಲ್ಲ. ದೋಷ ತಲೆದೋರುವುದು ‘ಬಲೂನು ಒಂದು...’ ಎಂದು ಲಕ್ಷಣವಾಕ್ಯ ಬರೆಯಹೊರಟಾಗ ಮಾತ್ರ.

ಆದ್ದರಿಂದ ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಎರಡು. ‘ವಾಯುನೌಕೆ’ಯನ್ನು ಏರ್‌ಕ್ರಾಫ್ಟ್ ಎಂಬ ವಿಶಾಲ ಅರ್ಥಕ್ಕೆ ಬಿಟ್ಟುಕೊಟ್ಟು, ಏರ್‌ಶಿಪ್ಪನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಉಳಿಸಿಕೊಂಡರೆ ಓದುಗರಿಗೆ ಎಡರಾಗುವುದೇ? ಹಾಗೆಯೇ, ವಿಮಾನ ಕಾರ್ಖಾನೆಯಲ್ಲಿ ದುಡಿದವರು ಶೆಡ್ಡಿನೊಳಗೆ ಹೆಲಿಕಾಪ್ಟರನ್ನೂ ಏರೋಪ್ಲೇನನ್ನೂ ಒಟ್ಟಾಗಿ ಹೇಳಬೇಕಾದಾಗ, ಇಂಗ್ಲಿಷಿಗೆ ಹೊರಳದೆ, ಯಾವುದಾದರೂ ಕನ್ನಡ ಮಾತನ್ನು ಬಳಸುತ್ತಿದ್ದರೇ? ಆಡುಮಾತಿನ ಅಂಥ ಪದವೊಂದು ಸಿಕ್ಕರೆ ಮೇಲೆ ಹೇಳಿದ ಎಲ್ಲವನ್ನೂ ಬದಿಗಿಟ್ಟು ಮೊದಲ ಪುಟಕ್ಕೆ ಅದನ್ನೇ ತೆಗೆದುಕೊಳ್ಳುತ್ತೇನೆ.