ಮನೆಯೊಳಗೆ ವರ್ಷಪೂರ್ತಿ ಖಾರದ ಮೆಣಸಿನಕಾಯಿ: ಬೆಳೆಸಿದವರು ಸ್ವಲ್ಪ ಹೇಳಿ

ದಾವಣಗೆರೆ ವಿದ್ಯಾನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನಮ್ಮದು. ಬಾಲ್ಕನಿ ಇಲ್ಲ, ತಾರಸಿಯ ಬೀಗ ಮಾಲೀಕರ ಹತ್ತಿರ. ಹಾಲ್‌ಗೆ ದಕ್ಷಿಣಕ್ಕೊಂದು ದೊಡ್ಡ ಕಿಟಕಿ, ಅಡುಗೆಮನೆಗೆ ಪೂರ್ವಕ್ಕೊಂದು ಚಿಕ್ಕದು. ಒಳ್ಳೆ ಖಾರದ ಮೆಣಸಿನಕಾಯಿ ವರ್ಷಪೂರ್ತಿ ಒಳಗೇ ಬೆಳೆಸಬೇಕು ಅಂತ ಆಸೆ, ಆದರೆ ಗಿಡದ ಗಂಧಗಾಳಿ ಗೊತ್ತಿಲ್ಲ. ವಿಡಿಯೋಗಳಲ್ಲಿ ದಕ್ಷಿಣದ ಕಿಟಕಿ, ಕುಂಡದಡಿ ಬಿಸಿ ಕೊಡುವ ಹೀಟಿಂಗ್ ಮ್ಯಾಟ್, ನೇರಳೆ ಲೈಟು ಅಂತೆಲ್ಲ ಹೇಳುತ್ತಾರೆ. ನಿಜಕ್ಕೂ ಏನೇನು ಬೇಕು?

ದಾವಣಗೆರೆಯಿಂದಲೇ:
ಮೇಡಂ, ಆ ವಿಡಿಯೋಗಳು ಹಿಮ ಬೀಳುವ ದೇಶದವು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ, ಅದಕ್ಕೆ ದಕ್ಷಿಣದ ಕಿಟಕಿ ಅಂತಾರೆ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಆಗ ನಿಮ್ಮ ಹಾಲ್ ಕಿಟಕಿಗೆ ಬೆಳಕು ಬರುತ್ತದೆ, ಬಿಸಿಲು ಬರಲ್ಲ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಅದೇ ಕಿಟಕಿಯಲ್ಲಿ ಬಿಸಿಲು ಚೆನ್ನಾಗಿ ಒಳಗೆ ಬೀಳುತ್ತದೆ. ಹಾಗಾಗಿ ಚಳಿಗಾಲಕ್ಕೆ ಹಾಲ್, ಉಳಿದ ಕಾಲಕ್ಕೆ ಅಡುಗೆಮನೆ. ಕುಂಡ ಎತ್ತಿಡುವಷ್ಟು ಹಗುರ ಇರಲಿ.

ಹೀಟಿಂಗ್ ಮ್ಯಾಟ್ ಸುಮ್ನೆ ದುಡ್ಡು ದಂಡ. ಬೀಜಕ್ಕೆ 25ರಿಂದ 30 ಡಿಗ್ರಿ ಸಾಕು, ಡಿಸೆಂಬರ್-ಜನವರಿ ಬಿಟ್ಟರೆ ನಮ್ಮೂರಲ್ಲಿ ಅದು ತಾನಾಗೇ ಇರುತ್ತದೆ.

ಲೈಟು ಮಾತ್ರ ಬೇಕು. ಪೂರ್ವದ ಕಿಟಕಿಯಲ್ಲಿ ಬೆಳಗಿನ ಕೆಲವು ಗಂಟೆ ಬಿಸಿಲು, ಅಷ್ಟರಲ್ಲಿ ಗಿಡ ಬದುಕುತ್ತದೆ, ಕಾಯಿ ಜಾಸ್ತಿ ಬಿಡಲ್ಲ. ನೇರಳೆ ಬಣ್ಣದ್ದೇ ಆಗಬೇಕಿಲ್ಲ, ಎಲೆಕ್ಟ್ರಿಕಲ್ ಅಂಗಡಿಯ 20 ವ್ಯಾಟ್ ಬಿಳಿ ಎಲ್‌ಇಡಿ ಟ್ಯೂಬ್ ಸಾಕು. ಆದರೆ ಅದು ಗಿಡದ ತುದಿಯಿಂದ ಅರ್ಧ ಅಡಿ ಮೇಲೆ ತೂಗುತ್ತಿರಬೇಕು, ಗೋಡೆ ಮೇಲೆ ಇದ್ದರೆ ಗಿಡಕ್ಕೆ ಏನೂ ಸಿಗಲ್ಲ. ಬಿಸಿಲು ಲೈಟು ಎರಡೂ ಸೇರಿ ದಿನಕ್ಕೆ 14-16 ಗಂಟೆ ಬೆಳಕು, ರಾತ್ರಿ ಪೂರ್ತಿ ಕತ್ತಲೆ. ದಿನಕ್ಕೆ 15 ಗಂಟೆ ಉರಿಸಿದರೂ ತಿಂಗಳಿಗೆ 9 ಯೂನಿಟ್ ಅಷ್ಟೇ. ಸಸಿ ಸಣಕಲಾಗಿ ಉದ್ದಕ್ಕೆ ಎದ್ದು ಬಾಗಿದರೆ ಬೆಳಕು ಸಾಲದು ಅಂತಲೇ ಅರ್ಥ, ಆಗ ಗೊಬ್ಬರ ಹಾಕಲು ಹೋಗಬೇಡಿ.

ಚಿತ್ರದುರ್ಗದಿಂದ:
ಯಾವ ತಳಿ ಅಂತ ಯಾರೂ ಹೇಳಲಿಲ್ಲವಲ್ಲ. ಬ್ಯಾಡಗಿ ಬೇಡ, ಅದು ಬಣ್ಣಕ್ಕೆ, ಖಾರ ಕಮ್ಮಿ. ಮಂಡಕ್ಕಿ ಜೊತೆ ತಿನ್ನುವ ಬಜ್ಜಿಯ ದಪ್ಪ ಮೆಣಸಿನಕಾಯಿಯೂ ಅಷ್ಟೇ. ನಿಮಗೆ ಸೂಜಿ ಮೆಣಸು ಸರಿ, ಕೆಲವರು ಜೀರಿಗೆ ಮೆಣಸು, ಗಾಂಧಾರಿ ಅಂತಾರಲ್ಲ, ಮೇಲ್ಮುಖವಾಗಿ ಸಣ್ಣ ಕಾಯಿ ಬಿಡುತ್ತದಲ್ಲ ಅದು. ಮೆಣಸಿನ ಗಿಡ ಒಂದೇ ವರ್ಷಕ್ಕೆ ಸಾಯುವ ಗಿಡವಲ್ಲ, ಸೂಜಿ ಮೆಣಸಂತೂ ಕುಂಡದಲ್ಲೇ ಎರಡು ಮೂರು ವರ್ಷ ಕಾಯಿ ಕೊಡುತ್ತದೆ. ಇಳುವರಿ ಇಳಿದಾಗ ಅರ್ಧಕ್ಕೆ ಕತ್ತರಿಸಿ, ಮತ್ತೆ ಚಿಗುರುತ್ತದೆ. ಬೀಜ ಮೊಳೆಯಲು ಮಾತ್ರ ನಿಧಾನ, ಮೂರು ನಾಲ್ಕು ವಾರ ಆದರೂ ಕುಂಡ ಚೆಲ್ಲಬೇಡಿ. ವಿಪರೀತ ಖಾರದ ಭೂತ್ ಜೊಲೋಕಿಯಾ ಅಂತ ಮೊದಲ ಸಲವೇ ಹೊರಡಬೇಡಿ. ಅದು ಇನ್ನೂ ಸತಾಯಿಸುತ್ತದೆ, ಬೆಳೆದರೂ ಆ ಕಾಯಿ ಯಾವ ಸಾರಿಗೆ ಹಾಕ್ತೀರಿ?

ಚಳ್ಳಕೆರೆಯಿಂದ:
ಕುಂಡ 10-12 ಇಂಚಿನದು, ತಳದಲ್ಲಿ ತೂತು ಇರಲೇಬೇಕು. ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ ಸಮಸಮ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ನಮ್ಮ ಕಡೆ ಶೇಂಗಾ ಹಿಂಡಿ ನೆನೆಸಿ ಹಾಕುವುದು ರೂಢಿ, ಹೊಲಕ್ಕೆ ಅದು ಬಂಗಾರ, ಆದರೆ ಹಾಲ್‌ನಲ್ಲಿ ಹಾಕಿದರೆ ನಾತಕ್ಕೆ ನೆಂಟರು ಬರಲ್ಲ, ನುಸಿ ಬರುತ್ತವೆ. ತಿಂಗಳಿಗೊಮ್ಮೆ ಎರೆಗೊಬ್ಬರ ಸಾಕು. ನೀರು ದಿನಾ ಹಾಕುವುದಲ್ಲ, ಬೆರಳನ್ನು ಮಣ್ಣೊಳಗೆ ಒಂದಿಂಚು ಇಳಿಸಿ ನೋಡಿ, ಒಣಗಿದ್ದರೆ ಹಾಕಿ. ಒಳಗಿನ ಗಿಡ ಸಾಯುವುದು ಬಾಯಾರಿಕೆಗಿಂತ ನೀರು ಹೆಚ್ಚಾಗಿ. ಬೋರ್ ನೀರಾದರೆ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಉಪ್ಪು ಅದು, ಮಳೆನೀರು ಸಿಕ್ಕಾಗ ತಳದಿಂದ ಹರಿದು ಹೋಗುವಷ್ಟು ಹೊಯ್ಯಿರಿ.

ಹರಿಹರದಿಂದ:
ಹೂವಿನ ವಿಷಯ ನಾನು ಹೇಳ್ತೀನಿ. ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಜೇನು ಬೇಕೇ ಬೇಕು ಅಂತಿಲ್ಲ, ಆದರೆ ಮನೆಯೊಳಗೆ ಗಾಳಿ ಇಲ್ಲದೆ ಪರಾಗ ಉದುರಲ್ಲ. ಬೆಳಿಗ್ಗೆ ಕೊಂಬೆಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ, ಇಲ್ಲವೇ ಫ್ಯಾನ್ ಸಣ್ಣಗೆ ಹಾಕಿ. ಏಪ್ರಿಲ್-ಮೇನಲ್ಲಿ ತಟ್ಟಿದರೂ ಹೂವು ಉದುರುತ್ತದೆ. 35 ಡಿಗ್ರಿ ದಾಟಿದ ಮೇಲೆ ಅದು ಸಹಜ, ಜೂನ್ ಮಳೆ ಬಿದ್ದ ಮೇಲೆ ತಾನೇ ನಿಲ್ಲುತ್ತದೆ. ಆಗ ಗೊಬ್ಬರದ ಅಂಗಡಿಯವರು ಏನೋ ಬಾಟಲಿ ಕೊಡಲು ಬಂದರೆ ತಗೋಬೇಡಿ.

ಎಲೆ ಮುದುಡಿದರೆ ತಿರುಗಿಸಿ ನೋಡಿ. ಮೇಲಕ್ಕೆ ದೋಣಿ ಥರ ಮುದುಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮಡಚಿದ್ದರೆ ಮೈಟ್, ಎರಡೂ ಎಲೆಯ ರಸ ಹೀರುವ ಸಣ್ಣ ಹುಳಗಳು. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು. ಸಂಜೆ ಎಲೆಯ ಅಡಿಗೂ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ. ಹೊಸ ಗಿಡ ನರ್ಸರಿಯಿಂದ ತಂದರೆ ಎರಡು ವಾರ ಬೇರೆ ರೂಮಿನಲ್ಲಿಡಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಸೂಜಿ ಮೆಣಸು, ಟ್ಯೂಬ್‌ಲೈಟ್, ಅಡುಗೆಮನೆ ಕಿಟಕಿ ಅಂತ ತೀರ್ಮಾನ ಆಯ್ತು. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಏನಾದರೂ ಎಚ್ಚರ ಬೇಕಾ?

ಚಿತ್ರದುರ್ಗದಿಂದ:
ಬೇಕೇ ಬೇಕಮ್ಮ. ಕೆಂಪು ಸಣ್ಣ ಕಾಯಿ ಮಕ್ಕಳ ಕಣ್ಣಿಗೆ ಮೊದಲು ಬೀಳುತ್ತದೆ, ಕೈಗೆ ಎಟುಕದ ಎತ್ತರದಲ್ಲಿಡಿ, ಹಣ್ಣಾಗುತ್ತಿದ್ದಂತೆ ಕಿತ್ತುಬಿಡಿ. ಕಿತ್ತಷ್ಟೂ ಹೊಸ ಹೂವು ಬರುತ್ತದೆ. ಖಾರ ಹೆಚ್ಚಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡ ಬಿಳಿ ದಿಂಡಿನಲ್ಲಿ. ಕಾಯಿ ಹೆಚ್ಚಿದ ಕೈಗೆ ಬರೀ ನೀರು ಸಾಲದು, ಮೊದಲು ಅಡುಗೆ ಎಣ್ಣೆ ಉಜ್ಜಿ ಆಮೇಲೆ ಸೋಪು ಹಾಕಿ ತೊಳೆಯಿರಿ, ಆಮೇಲೇ ಮಗುವನ್ನು ಎತ್ತಿಕೊಳ್ಳಿ. ಬಾಯಿಗೆ ಹಾಕಿಕೊಂಡರೆ ನೀರು ಕುಡಿಸಬೇಡಿ, ಹಾಲು ಅಥವಾ ಮೊಸರು ಕೊಡಿ. ಕಣ್ಣಿಗೆ ತಾಗಿದರೆ ತುಂಬ ಹೊತ್ತು ತಣ್ಣೀರಲ್ಲಿ ತೊಳೆದು, ಉರಿ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ.