ಪದ ಬೇಕು: ‘ಇನ್ಸೆಂಟಿವ್’ (ನಾಳೆ ಸಂಜೆ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತೆ)

ಶಿವಮೊಗ್ಗದಿಂದ:
ಎಲ್ಲರಿಗೂ ನಮಸ್ಕಾರ. ಕಾಲೇಜಿನ ಅರ್ಥಶಾಸ್ತ್ರ ವಿಭಾಗಕ್ಕೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ವಿಷಯ, ಎಸ್ತರ್ ಡುಫ್ಲೊ, ಅಭಿಜಿತ್ ಬ್ಯಾನರ್ಜಿ ಮತ್ತು ಜೊತೆಯವರು ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಮಾಡಿದ ಅಧ್ಯಯನ. ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತಲ್ಲ, ಅವರೇ. ಸುಮ್ಮನೆ ಬಿಟ್ಟ ಹಳ್ಳಿಗಳಲ್ಲಿ ಎಲ್ಲಾ ಲಸಿಕೆ ಮುಗಿಸಿದ ಮಕ್ಕಳು ನೂರಕ್ಕೆ 6. ತಿಂಗಳು ತಪ್ಪದೆ ಕ್ಯಾಂಪ್ ನಡೆಸಿದ ಕಡೆ 18. ಕ್ಯಾಂಪಿಗೆ ಬಂದಾಗೆಲ್ಲ ಒಂದು ಕೇಜಿ ಬೇಳೆ, ಪೂರ್ತಿ ಮುಗಿಸಿದವರಿಗೆ ಊಟದ ತಟ್ಟೆ ಕೊಟ್ಟ ಕಡೆ 39.

ಜನ ಬರಲಿ ಅಂತ ಕೊಟ್ಟ ಈ ಬೇಳೆಗೆ, ಇಂಗ್ಲಿಷಿನಲ್ಲಿ ‘ಇನ್ಸೆಂಟಿವ್’ ಅನ್ನೋದಕ್ಕೆ, ಕನ್ನಡದಲ್ಲಿ ಏನನ್ನೋಣ? ‘ಪ್ರೋತ್ಸಾಹಧನ’ ಅಂತ ಬರೆದಿದ್ದೆ. ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಓದಿ, “ಇದು ನಮಗೆ ಬರೋದಲ್ವಾ?” ಅಂದರು. ಅಗಲ ಕಮ್ಮಿ ಇದೆ, ಚಿಕ್ಕ ಪದ ಇದ್ದರೆ ಒಳ್ಳೆಯದು.

ತೀರ್ಥಹಳ್ಳಿಯಿಂದ:
ಆಮಿಷ. ಮೂರಕ್ಷರ. ಮುಗೀತು.

ಸಾಗರದಿಂದ:
ಮೇಷ್ಟ್ರೇ, ಆಮಿಷ ಅಂದರೆ ಮೂಲದಲ್ಲಿ ಮಾಂಸ. ಗಾಳದ ತುದಿಗೆ ಸಿಕ್ಕಿಸಿದ ಮಾಂಸ ಅನ್ನುವ ಅರ್ಥ ಆಮೇಲೆ ಬಂತು. ಬಂಗಾಳಿಯಲ್ಲಿ ಇವತ್ತಿಗೂ ಸಸ್ಯಾಹಾರಕ್ಕೆ ‘ನಿರಾಮಿಷ’ ಅಂತಾರೆ. ಬೇಳೆಯನ್ನು ಆಮಿಷ ಮಾಡಿದ ಕೀರ್ತಿ ನಿಮ್ಮದು! ಅದಿರಲಿ, ಈಗ ಆ ಪದ ಬರೋದು ಚುನಾವಣೆ ಸುದ್ದಿಯಲ್ಲಿ ಮಾತ್ರ. ಮಗು ಎತ್ತಿಕೊಂಡು ಬಂದ ತಾಯಿ ಏನು ವೋಟು ಮಾರೋಕೆ ಬಂದಿದ್ದಾಳಾ?

ಬೆಂಗಳೂರಿನಿಂದ (ಊರು ಹೊಸನಗರ):
ಸಂಸ್ಕೃತದ ಹಂಗೇ ಬೇಡ. ಸೆಳೆ + ಕೊಡುಗೆ = ಸೆಳೆಗೊಡುಗೆ. ಕೇಳಿದ ಕೂಡಲೇ ತಿಳಿಯುತ್ತೆ, ಮಹಾಪ್ರಾಣವೂ ಇಲ್ಲ.

ತೀರ್ಥಹಳ್ಳಿಯಿಂದ:
ಸೀರೆ ಅಂಗಡಿಯ ದೀಪಾವಳಿ ಆಫರ್ ಇದ್ದ ಹಾಗಿದೆ. ಮಹಾಪ್ರಾಣ ತೆಗೆದರೆ ‘ಪ್ರೋತ್ಸಾಹದನ’ ಆಗುತ್ತೆ. ಲಸಿಕೆಗೊಂದು ಮಲೆನಾಡು ಗಿಡ್ಡ ಕೊಡ್ತೀರಾ?

ಬೆಂಗಳೂರಿನಿಂದ:
ವಾದ ಇಲ್ಲದಾಗ ದನ ಬರುತ್ತೆ. ಬಸ್ಸು, ಕ್ಯಾಂಪು, ಕೇಜಿ ಎಲ್ಲ ಒಳಗೆ ಬಂದವು, ಯಾರೂ ತಡೆಯಲಿಲ್ಲ. ನಮ್ಮದೇ ಬೇರಿನಿಂದ ಒಂದು ಪದ ಕಟ್ಟಿದರೆ ಮಾತ್ರ ನಗು.

ಸಾಗರದಿಂದ:
‘ಇನಾಮು’ ನೋಡಬಹುದು. ಅರಬ್ಬಿಯಿಂದ ಬಂದಿದ್ದು, ಆದರೂ ನಮ್ಮ ಮನೆಯದೇ ಆಗಿದೆ. ಕಷ್ಟ ಏನಂದರೆ ನಮ್ಮ ಕಡೆ ಹಳಬರಿಗೆ ಇನಾಂ ಅಂದರೆ ಜಮೀನು, ಆಮೇಲೆ ಕೋರ್ಟು.

ನನ್ನ ಓಟು ‘ಕೊಸರು’ ಪದಕ್ಕೆ. ಗಾಂಧಿ ಬಜಾರಿನಲ್ಲಿ ಹೂವಿನವಳು ಮೊಳ ಅಳೆದು, ಕತ್ತರಿಸೋ ಮುಂಚೆ ಹೆಬ್ಬೆರಳು ಸರಿಸಿ ನಾಲ್ಕು ಬೆರಳು ಜಾಸ್ತಿ ಬಿಡ್ತಾಳಲ್ಲ, ಅದು ಕೊಸರು. ಲಸಿಕೆ ಹೇಗೂ ಪುಕ್ಕಟೆ, ಬೇಳೆ ಅದರ ಮೇಲಿನದು.

ತೀರ್ಥಹಳ್ಳಿಯಿಂದ:
ತಪ್ಪು. ಕೊಸರು ವ್ಯಾಪಾರ ಕುದುರಿದ ಮೇಲೆ ಕೇಳಿ ಪಡೆಯೋದು. ಇಲ್ಲಿ ಬೇಳೆ ಮೊದಲೇ ಸಾರಿದ್ದಾರೆ, ಅದನ್ನು ಕೇಳಿಯೇ ಜನ ಬಂದಿದ್ದು. ‘ಕೊಸರಾಡು’ ಕೂಡ ನೆನಪಿರಲಿ. ಸೂಜಿ ಕಂಡ ಮಗು ಮಾಡೋದು ಅದನ್ನೇ. ಅಷ್ಟಕ್ಕೂ ಬೇಳೆ ಹಂಚಿ ಮದ್ದು ಹಾಕೋದು ದಂಡದ ಖರ್ಚು.

ಶಿವಮೊಗ್ಗದಿಂದ:
ಸರ್, ಪದದ ಮಾತು ಒಪ್ಪಿದೆ, ದಂಡದ ಮಾತು ಒಪ್ಪಲ್ಲ. ಲಸಿಕೆ ಪೂರ್ತಿ ಮುಗಿಸಿದ ಒಂದು ಮಗುವಿಗೆ ಬಿದ್ದ ಖರ್ಚು ಬೇಳೆ ಕೊಟ್ಟ ಕಡೆ ಸುಮಾರು 28 ಡಾಲರ್, ಬರೀ ಕ್ಯಾಂಪ್ ಇದ್ದ ಕಡೆ 56. ನರ್ಸ್ ಬಂದು ಕೂತ ಮೇಲೆ ಇಬ್ಬರು ಮಕ್ಕಳು ಬಂದರೂ ಹತ್ತು ಬಂದರೂ ಆ ದಿನದ ಸಂಬಳ ಒಂದೇ. ಬೇಳೆಯಿಂದ ಸಾಲು ಉದ್ದ ಆಯಿತು, ತಲೆಗೆ ಬೀಳುವ ಖರ್ಚು ಇಳಿಯಿತು. ನಾನು ಫ್ಲೆಕ್ಸಿನಲ್ಲಿ ಹೇಳಬೇಕಾಗಿರೋದೇ ಇದು.

ಅದಕ್ಕೇ ‘ಆಮಿಷ’ ಬೇಡ, ಓದಿದವರು ತಾಯಂದಿರನ್ನೇ ಬೈತಾರೆ. ‘ಸೆಳೆಗೊಡುಗೆ’ ಬರೆದು ಅಂಗಡಿಯ ಹುಡುಗನಿಗೆ ಕಳಿಸಿದೆ, “ಸೆಲೆಗೊಡುಗೆ” ಅಂತ ಹೊಡೆದು ವಾಪಸ್ ಕಳಿಸಿದ. ಕೊನೆಗೆ ತಲೆಬರಹ ಹೀಗೆ ಮಾಡಿದೆ: ‘ಲಸಿಕೆಯ ಜೊತೆ ಬೇಳೆಯ ಕೊಸರು’. ಮೊದಲೇ ಸಾರಿದ್ದು ಅನ್ನೋದು ‘ಕೊಸರು’ ಪದದಲ್ಲಿ ಬರಲ್ಲ ಅಂದಿರಲ್ಲ, ಅದನ್ನು ಕೆಳಗಿನ ಸಾಲಿಗೆ ಹಾಕಿದೆ, ಅಲ್ಲಿ ಇನ್ಸೆಂಟಿವ್‌ಗೆ ಪದವೇ ಇಲ್ಲ: ‘ಹಾಕಿಸಿದರೆ ಒಂದು ಕೇಜಿ ಬೇಳೆ ಅಂತ ಮೊದಲೇ ಹೇಳಿದ್ದರು’.

ಬೆಂಗಳೂರಿನಿಂದ:
‘ಲಸಿಕೆ’ ಸಂಸ್ಕೃತ. ಚುಚ್ಚುಮದ್ದು ಅನ್ನಿ.

ಸಾಗರದಿಂದ:
ಪೋಲಿಯೋ ಹನಿ ಯಾರಿಗೆ ಚುಚ್ಚುತ್ತೆ?

ತೀರ್ಥಹಳ್ಳಿಯಿಂದ:
ಹೊಸ ಎಳೆ ತೆಗೆಯಿರಿ, ಇಲ್ಲಿ ಬೇಡ.