ಹಿಮದಲ್ಲಿ ಮರಗಟ್ಟಿದ ಬೆರಳು ಬಿಸಿ ಮಾಡಿದ ಮೇಲೆ ಹೆಚ್ಚು ಕೆಡುವುದೇಕೆ?

ಪ್ರಶ್ನೆ: ತೀರ್ಥಹಳ್ಳಿ ಸೀಮೆಯವರು

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ ಚಳಿಗಾಲದಲ್ಲಿ ಲಡಾಖ್‌ಗೆ ಚಾರಣಕ್ಕೆ ಹೋಗಿದ್ದಾಗ ಅವನ ಬಲಗೈಯ ಬೆರಳುಗಳು ಹಾಗೂ ಎಡಗಾಲಿನ ಹೆಬ್ಬೆರಳು ಚಳಿಗೆ ಹೆಪ್ಪುಗಟ್ಟುವ ಗಾಯಕ್ಕೆ, ಅಂದರೆ ಫ್ರಾಸ್ಟ್‌ಬೈಟ್‌ಗೆ ತುತ್ತಾದವು. ಮೊದಲು ಅವು ಬಿಳುಚಿ ಗಟ್ಟಿಯಾಗಿದ್ದವು, ಆದರೆ ನೋವಿರಲಿಲ್ಲ, ಬೆರಳು ಮಡಿಸಲೂ ಆಗುತ್ತಿತ್ತಂತೆ. ಜೊತೆಯಲ್ಲಿದ್ದವರು ಉಜ್ಜಿ, ಬೆಂಕಿಯ ಮುಂದೆ ಕಾಯಿಸಿದ ಮೇಲೆ ತಡೆಯಲಾರದ ಉರಿ ಶುರುವಾಯಿತು. ಮರುದಿನ ಬೊಬ್ಬೆಗಳೆದ್ದವು, ಕೆಲವುಗಳಲ್ಲಿ ರಕ್ತವೂ ತುಂಬಿತ್ತು. ಈಗ ಊರಿಗೆ ಕರೆತಂದಿದ್ದೇವೆ. ತುದಿಗಳು ಕಪ್ಪಾಗಿವೆ, ಆದರೂ ಶಿವಮೊಗ್ಗದ ವೈದ್ಯರು ಕತ್ತರಿಸಲು ಅವಸರ ಬೇಡ, ತಿಂಗಳುಗಟ್ಟಲೆ ಕಾಯಬೇಕಾಗಬಹುದು ಎನ್ನುತ್ತಾರೆ. ಮಳೆಗಾಲದ ಚಳಿಗೆ ಬಚ್ಚಲೊಲೆಯ ಮುಂದೆ ಕೈ ಕಾಯಿಸಿಕೊಂಡು ಬೆಳೆದ ನಮಗೆ, ಬಿಸಿ ತಾಗಿದ ಮೇಲೆಯೇ ಹಾನಿ ಹೆಚ್ಚಿದ್ದು ಹೇಗೆಂದು ಅರ್ಥವಾಗುತ್ತಿಲ್ಲ. ಕಪ್ಪು ಹೀಗೆಯೇ ಮೇಲಕ್ಕೇರುವುದೇ ಎಂಬ ಭಯ ಅಕ್ಕನಿಗೆ.

ಉತ್ತರ: ಸಾಗರದ ವೈದ್ಯರು

ಹಾನಿ ಎರಡು ಹಂತಗಳಲ್ಲಿ ಆಗುತ್ತದೆ. ಕೊರೆಯುವ ಚಳಿಯಲ್ಲಿ ದೇಹವು ಹೃದಯ, ಮಿದುಳುಗಳ ಬಿಸಿಯನ್ನು ಕಾಯಲು ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸುತ್ತದೆ. ಬಿಸಿ ರಕ್ತ ತಲುಪದ ಬೆರಳು ಶೂನ್ಯಕ್ಕಿಂತ ತುಸು ಕೆಳಗಿಳಿದಾಗ ಹೆಪ್ಪುಗಟ್ಟತೊಡಗುತ್ತದೆ. ಮಂಜಿನ ಹರಳುಗಳು ಸಾಮಾನ್ಯವಾಗಿ ಮೊದಲು ಮೂಡುವುದು ಜೀವಕೋಶಗಳ ಹೊರಗಿನ ದ್ರವದಲ್ಲಿ. ಹರಳಿಗೆ ಸೇರುವುದು ಶುದ್ಧ ನೀರು ಮಾತ್ರವಾದ್ದರಿಂದ ಉಳಿದ ದ್ರವ ಹೆಚ್ಚು ಹೆಚ್ಚು ಉಪ್ಪಾಗುತ್ತ, ಉಪ್ಪಿಗೆ ಹಾಕಿದ ಅಪ್ಪೆಮಿಡಿ ನೀರು ಬಿಟ್ಟು ಸುಕ್ಕುವ ಹಾಗೆ, ಕೋಶಗಳ ಒಳಗಿನ ನೀರು ಹೊರಬಂದು ಅವು ಕುಗ್ಗುತ್ತವೆ. ಅವುಗಳ ಪೊರೆಯೂ ಪ್ರೋಟೀನುಗಳೂ ಕೆಡುತ್ತವೆ. ನರಗಳೂ ಮರಗಟ್ಟುವುದರಿಂದ ಇಷ್ಟೆಲ್ಲ ಆಗುವಾಗ ನೋವು ತಿಳಿಯುವುದಿಲ್ಲ. ಬೆರಳನ್ನು ಮಡಿಸುವ ಸ್ನಾಯುಗಳು ಮುಖ್ಯವಾಗಿ ಮುಂಗೈಯಲ್ಲಿದ್ದು, ಬೆರಳಿಗೆ ಬರುವುದು ಅವುಗಳ ಹುರಿಗಳಷ್ಟೆ. ಹಾಗಾಗಿ ಹೆಪ್ಪುಗಟ್ಟಿದ ಬೆರಳೂ ಆಡಬಲ್ಲದು. ಆಡುತ್ತಿದೆಯಲ್ಲ ಎಂದು ಎಷ್ಟೋ ಜನ ಧೈರ್ಯ ತಂದುಕೊಳ್ಳುವುದು ಇಲ್ಲಿಯೇ, ಅದು ಅಪಾಯಕಾರಿ.

ಎರಡನೆಯ ಹಂತ ಬೆರಳಿನೊಳಗಿನ ಮಂಜು ಕರಗಿದ ಮೇಲಿನದು. ಚಳಿಯಿಂದ ರಕ್ತನಾಳಗಳ ಒಳಪದರವೂ ಕೆಟ್ಟಿರುತ್ತದೆ. ಅದರ ಮೇಲೆ ಮತ್ತೆ ರಕ್ತ ಹರಿದಾಗ ದ್ರವ ಹೊರಗೆ ಸೋರಿ ಊತವೂ ಬೊಬ್ಬೆಯೂ ಬರುತ್ತವೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು, ಬಿಳಿ ರಕ್ತಕಣಗಳು ಅಂಟಿಕೊಂಡು ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪಾಗುತ್ತದೆ. ಆಗ ಕರಗಿದ ಅಂಗಾಂಶವೂ ರಕ್ತವಿಲ್ಲದೆ ಸಾಯುತ್ತದೆ. ತಿಳಿನೀರಿನ ಬೊಬ್ಬೆ ಮೇಲ್ಪದರದ ಹಾನಿಯ ಗುರುತು. ರಕ್ತ ತುಂಬಿದ ಬೊಬ್ಬೆ ಹಾನಿ ಚರ್ಮದ ಆಳದ ನಾಳಗಳಿಗೆ ಮುಟ್ಟಿದೆಯೆಂಬುದರ ಸೂಚನೆ. ನಾಳಗಳಲ್ಲಿನ ಈ ರಕ್ತದ ಹೆಪ್ಪನ್ನು ಕರಗಿಸುವ ಔಷಧಗಳನ್ನು ತೀವ್ರ ಪ್ರಕರಣಗಳಲ್ಲಿ ಬೆರಳು ಕರಗಿದ 24 ಗಂಟೆಗಳೊಳಗೆ ಕೊಡಬೇಕೆನ್ನುವುದು ಈ ಕಾರಣಕ್ಕೆ. ನಾಳಗಳನ್ನು ಹಿಗ್ಗಿಸುವ ಇಲೋಪ್ರೋಸ್ಟ್ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಇದೇ ಕಾಯಿಲೆಗಾಗಿ ಅನುಮತಿ ದೊರೆತಿದೆ.

ಉತ್ತರ: ಹೊಸನಗರದ ನಿವೃತ್ತ ಸೈನಿಕ

ಸೇನೆಯ ವೈದ್ಯಕೀಯ ದಳದಲ್ಲಿದ್ದವನಾಗಿ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ಬಚ್ಚಲೊಲೆಯ ಮುಂದೆ ಕಾಯಿಸುವ ಕೈ ತಣ್ಣಗಾದದ್ದೇ ಹೊರತು ಹೆಪ್ಪುಗಟ್ಟಿದ್ದಲ್ಲ, ಅದಕ್ಕೆ ಸ್ಪರ್ಶಜ್ಞಾನವಿರುತ್ತದೆ. ಸ್ಪರ್ಶವಿಲ್ಲದ ಬೆರಳು ಬೆಂಕಿಯಲ್ಲಿ ಸುಟ್ಟರೂ ತಿಳಿಯದು, ಉಜ್ಜಿದರೆ ಕೆಟ್ಟ ಅಂಗಾಂಶ ಇನ್ನಷ್ಟು ಹರಿಯುತ್ತದೆ. ಸರಿಯಾದ ಕ್ರಮವೆಂದರೆ 37ರಿಂದ 39 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ, ಬೆರಳು ಕೆಂಪೇರಿ ಮೆತ್ತಗಾಗುವವರೆಗೆ, ಸುಮಾರು ಅರ್ಧ ಗಂಟೆ ಮುಳುಗಿಸಿಡುವುದು. ಆದರೆ ದಾರಿಯಲ್ಲಿ ಅದು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಬೇಕೆಂದೇ ಕರಗಿಸಬಾರದು. ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳಿಗೆ ಆಗುವ ಹಾನಿ ಬಹಳ ಹೆಚ್ಚು.

ಉತ್ತರ: ಶಿಕಾರಿಪುರದ ಪಶುವೈದ್ಯಕೀಯ ಸಿಬ್ಬಂದಿ

ಹಿಮವಿಲ್ಲದ ನಮ್ಮೂರಲ್ಲೂ ಈ ಗಾಯಕ್ಕೆ ದಾರಿಯಿದೆ. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ನಳಿಕೆಗಳನ್ನು ಇಡುವ ದ್ರವ ಸಾರಜನಕ ಮೈನಸ್ 196 ಡಿಗ್ರಿಯಲ್ಲಿರುತ್ತದೆ. ಬರಿಯ ಚರ್ಮದ ಮೇಲೆ ಹನಿ ಬಿದ್ದರೆ ಸಾಮಾನ್ಯವಾಗಿ ಜಾರಿಹೋಗುತ್ತದೆ, ಆದರೆ ಕೈಗವಸು ಅಥವಾ ಬೂಟಿನೊಳಗೆ ಇಳಿದು ನಿಂತರೆ ಕ್ಷಣಗಳಲ್ಲಿ ಚರ್ಮ ಹೆಪ್ಪುಗಟ್ಟುತ್ತದೆ. ಆದ್ದರಿಂದ ಸುಲಭವಾಗಿ ಕಳಚುವ ಸಡಿಲ ಕೈಗವಸು ಹಾಕಿ, ಪ್ಯಾಂಟನ್ನು ಗಂಬೂಟಿನೊಳಗೆ ಸೇರಿಸದೆ ಹೊರಗೆ ಬಿಡಬೇಕು.

ಪ್ರಶ್ನೆ ಕೇಳಿದವರು

ತಮಗೆಲ್ಲ ಕೃತಜ್ಞತೆಗಳು. ಕಾಯಬೇಕೆನ್ನುವುದರ ಕಾರಣವನ್ನೂ ತಿಳಿಸಿದರೆ ಅಕ್ಕನಿಗೆ ಓದಿ ಹೇಳುತ್ತೇನೆ.

ಉತ್ತರ: ಸಾಗರದ ವೈದ್ಯರು

ಮೊದಲ ವಾರಗಳಲ್ಲಿ ಯಾವ ಭಾಗ ಸತ್ತಿದೆ, ಯಾವುದು ಬದುಕಿದೆ ಎಂದು ಕಣ್ಣಳತೆಯಿಂದ ಹೇಳಲಾಗದು. ಕಪ್ಪಾದ ಮೇಲ್ಪದರ ಕಳಚಿ ಅಡಿಯಲ್ಲಿ ಜೀವಂತ ಚರ್ಮ ಕಾಣುವುದುಂಟು. ಸತ್ತದ್ದಕ್ಕೂ ಬದುಕಿದ್ದಕ್ಕೂ ನಡುವೆ ಸ್ಪಷ್ಟವಾದ ಗೆರೆ ಮೂಡಲು ಒಂದರಿಂದ ಮೂರು ತಿಂಗಳು ಬೇಕು. ಅವಸರದಲ್ಲಿ ಕತ್ತರಿಸಿದರೆ ಉಳಿಯಬಹುದಾದ ಬೆರಳಿನ ಗಂಟೂ ಹೋಗುತ್ತದೆ. ಒಣಗಿದ ಕಪ್ಪು ತಾನಾಗಿ ಮೇಲೇರುತ್ತ ಹೋಗುವುದಿಲ್ಲವೆಂದು ಅಕ್ಕನವರಿಗೆ ಹೇಳಿ. ಆದರೆ ಜ್ವರ, ಕೀವು, ದುರ್ವಾಸನೆ ಅಥವಾ ಮೇಲಕ್ಕೆ ಹಬ್ಬುವ ಕೆಂಪು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಟನಸ್ ಚುಚ್ಚುಮದ್ದು ಆಗಿದೆಯೇ ಕೇಳಿ. ಹುಡುಗ ಬೀಡಿ ಸಿಗರೇಟು ಸೇದುವವನಾದರೆ, ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವನಾದರೆ ಇಂದೇ ಬಿಡಿಸಿ. ನಿಕೋಟಿನ್ ಉಳಿದಿರುವ ಸಣ್ಣ ರಕ್ತನಾಳಗಳನ್ನೂ ಬಿಗಿಗೊಳಿಸುತ್ತದೆ.